ಬ್ರೇಕ್ ಇಲ್ಲದ ಬಸ್ಸಿಗೆ ಇಬ್ಬರು ಕಂಡಕ್ಟರು

ಬ್ರೇಕ್ ಫೇಲಾದ ಬಸ್ಸಿಗೆ ಹತ್ತುವುದಕ್ಕೆ ಜನ ಕ್ಯೂ ನಿಂತಿದ್ದನ್ನು ನಾನು ನೋಡಿದ್ದು ಮಲೇಷ್ಯಾದಲ್ಲಿ. ಅದೂ ಖುಷಿಯಿಂದ, ಐಸ್‌ಕ್ರೀಂ ನೆಕ್ಕಿಕೊಂಡು. ನಮ್ಮ ಕಡೆ ಬ್ರೇಕ್ ಸ್ವಲ್ಪ ಕೀರ್ ಅಂದರೆ ಸಾಕು, ಹಿಂದಿನ ಸೀಟಿನಿಂದ ಯಾರಾದರೊಬ್ಬರು "ಏನಮ್ಮ, ಗಾಡಿ ಕಂಡೀಸನ್ನಾಗೈತಾ?" ಎಂದು ಕೇಳೇ ಕೇಳುತ್ತಾರೆ. ಆ ಪ್ರಶ್ನೆಗೆ ಮುಖ ಗಂಟು ಹಾಕಿಕೊಂಡು ಉತ್ತರ ಕೊಡುವುದೇ ನನ್ನ ಉದ್ಯೋಗ. ನಾನು ಬಸ್ ಕಂಡಕ್ಟರು.

ಹೆಸರು ಗಂಗಮ್ಮ, ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಕುರುಬರ ಮನೆಯಲ್ಲಿ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸು ನನ್ನದು. ಮಧುಗಿರಿಯ ತನಕ ಕನ್ನಡದಲ್ಲಿ ಬೈಸಿಕೊಳ್ಳುತ್ತೇನೆ, ಮಿಡಿಗೇಶಿ ದಾಟಿದ ಮೇಲೆ ತೆಲುಗಿನಲ್ಲಿ. ನಮ್ಮಪ್ಪ ಸಂಜೆ ಹೊತ್ತು ರೊಪ್ಪದ ಬಾಗಿಲಲ್ಲಿ ನಿಂತು, ಒಳಗೆ ನುಗ್ಗುವ ಕುರಿಗಳ ಬೆನ್ನು ಸವರುತ್ತಾ ಎಣಿಸುತ್ತಿದ್ದ. ಒಂದು ಕುರಿ ಕಮ್ಮಿಯಾದರೂ ಅವನಿಗೆ ಗೊತ್ತಾಗುತ್ತಿತ್ತು. ನಾನು ಜನರ ತಲೆ ಎಣಿಸುತ್ತೇನೆ, ಅಷ್ಟೇ ವ್ಯತ್ಯಾಸ. ಈ ಕೆಲಸದ ಬಗ್ಗೆ ನನಗೆ ಜಂಬ ಇದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಇದೆ, ಇಲ್ಲ ಅನ್ನುವುದಿಲ್ಲ.

ಆದರೆ ನಾನು ಮಲೇಷ್ಯಾಕ್ಕೆ ಹೋಗಿದ್ದು ಜಂಬ ತೋರಿಸುವುದಕ್ಕಲ್ಲ, ಮೆಹರುನ್ನೀಸಾಳ ಸಲುವಾಗಿ. ಅವಳು ಸಿರಾದವಳು, ನಮ್ಮ ಡಿಪೋದಲ್ಲಿ ನನ್ನ ಹಿಂದೆಯೇ ಕಂಡಕ್ಟರಾಗಿ ಸೇರಿದವಳು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವಳು "ರೈಟ್" ಅಂದರೆ ಆ ಸದ್ದು ಬೆಟ್ಟಕ್ಕೆ ಬಡಿದು ವಾಪಸ್ ಬರುತ್ತದೆ ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಹೋದ ಮಳೆಗಾಲದಲ್ಲಿ, ಕೊರಟಗೆರೆ ದಾಟಿದ ಮೇಲೊಂದು ತಿರುವಿನಲ್ಲಿ ಅವಳಿದ್ದ ಬಸ್ಸು ಜಾರಿ ಹೊಲಕ್ಕಿಳಿದು ವಾಲಿಕೊಂಡಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಬರಗೂರಿನ ಒಬ್ಬ ಅಜ್ಜಿಯ ಕೈ ಮುರಿಯಿತು. ಆ ಅಜ್ಜಿ ಹಿಂದಿನ ಸ್ಟಾಪಿನಲ್ಲಷ್ಟೇ ಹತ್ತಿದ್ದಳು. ಅಜ್ಜಿ ಸರಿಯಾಗಿ ಕೂರುವ ಮುಂಚೆಯೇ ತಾನು ರೈಟ್ ಹೇಳಿಬಿಟ್ಟೆನೋ ಏನೋ ಎಂಬ ಹುಳ ಮೆಹರೂ ತಲೆಗೆ ಹೊಕ್ಕಿತು.

ತಪ್ಪು ನಿನ್ನದಲ್ಲ ಎಂದು ವಿಚಾರಣೆಯಲ್ಲಿ ಹೇಳಿದರು, ಡ್ರೈವರಣ್ಣ ಹೇಳಿದ. ಕಿತ್ತಳೆಹಣ್ಣು ಹಿಡಿದು ನೋಡಲು ಹೋದಾಗ ಅಜ್ಜಿಯೇ "ಮಳೆ ಹುಯ್ದ್ರೆ ನೀನೇನ್ ಮಾಡ್ತೀಯವ್ವ, ಬುಡು" ಅಂದಳು. ಇವಳಿಗೆ ಸಮಾಧಾನವಾಗಲಿಲ್ಲ. ಡಿಪೋದೊಳಗೆ ಟಿಕೆಟ್ ಮಿಷನ್ ಕೊಟ್ಟು ತೆಗೆದುಕೊಳ್ಳುವ ಕೆಲಸ ಕೇಳಿ ಹಾಕಿಸಿಕೊಂಡಳು. ಈಗ ಅದೇ ಕೆಲಸ ಖಾಯಂ ಮಾಡುತ್ತೇವೆ ಎಂದು ಸಾಹೇಬರು ಹೇಳಿದ್ದರು. ಟೂರಿನಿಂದ ವಾಪಸ್ ಬಂದ ದಿನ ಅವಳು ಹೂಂ ಅನ್ನಬೇಕು, ಇಲ್ಲ ಉಹೂಂ ಅನ್ನಬೇಕು. ಹೂಂ ಅಂದರೆ ಮತ್ತೆ ಯಾವತ್ತೂ ಅವಳು ಬಸ್ಸಿನ ಬಾಗಿಲಲ್ಲಿ ನಿಲ್ಲುವುದಿಲ್ಲ. ಆ ಗಂಟಲು ಮಿಷನ್ ಕೌಂಟರಿನ ಹಿಂದೆ ತುಕ್ಕು ಹಿಡಿಯುವುದನ್ನು ನೆನೆಸಿಕೊಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ತುಮಕೂರಿನ ಟೂರಿನವರು ಮಲೇಷ್ಯಾಕ್ಕೆ ಗುಂಪು ಕಟ್ಟುತ್ತಿದ್ದಾರೆಂದು ತಿಳಿದ ಕೂಡಲೇ ನನ್ನ ಹೆಸರಿನ ಜೊತೆ ಅವಳದ್ದೂ ಬರೆಸಿದೆ. ಮನೆಯಲ್ಲಿ ಯಜಮಾನರು, "ದಿನಾ ಬಸ್ಸಲ್ಲಿ ತಿರುಗೋದು ಸಾಲ್ದು ಅಂತ ಇಮಾನದಲ್ಲಿ ತಿರುಗ್ತೀಯಾ?" ಅಂದರು. ಅಲ್ಲಾದರೂ ನನ್ನನ್ನು ಕೂರಿಸುತ್ತಾರೆ ಅಂದೆ.

ವಿಮಾನ

ಕೂರಿಸಿದರು, ಆದರೆ ಸುಲಭವಾಗಲ್ಲ. ವಿಮಾನ ಹತ್ತಿದವಳು ನಡುದಾರಿಯಲ್ಲಿ ನಿಂತೇಬಿಟ್ಟೆ. ಜನ ನುಗ್ಗುತ್ತಿದ್ದರು, ಬ್ಯಾಗು ಮೇಲೆ ತುರುಕುತ್ತಿದ್ದರು. ಎಲ್ಲರೂ ಕೂತ ಮೇಲೆ ಕಂಡಕ್ಟರು ಕೂರಬೇಕು, ಇದು ನಮ್ಮ ಮೈಗೆ ಹತ್ತಿದ ಪಾಠ. ಹಿಂದೆ ತಿರುಗಿದರೆ ಮೆಹರೂ ಕೂಡ ನಿಂತಿದ್ದಾಳೆ. ಗಗನಸಖಿ ಬಂದು ಎರಡು ಸಲ ನಗುತ್ತಾ ಕೂರಲು ಹೇಳಿದಳು, ಮೂರನೇ ಸಲ ನಗಲಿಲ್ಲ.

ಆಮೇಲೆ ಅದೇ ಹುಡುಗಿ ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದು ಟಕ್ ಟಕ್ ಎಂದು ಒತ್ತುತ್ತಾ ತಲೆ ಎಣಿಸಿಕೊಂಡು ಹೋದಳು. ನನಗೆ ಅವಳ ಮೇಲೆ ಅಭಿಮಾನ ಬಂತು. ನಾವು ಬಾಯಲ್ಲೇ ಎಣಿಸುತ್ತೇವಲ್ಲ ಎಂಬ ಹೆಮ್ಮೆಯೂ ಬಂತು.

"ನೋಡ್ದಾ, ಅವ್ಳೂ ನಮ್ ಪೈಕಿನೇ ಕಣೇ" ಅಂದೆ.

"ಅವ್ಳಿಗೆ ರೋಡಲ್ಲಿ ಗುಂಡಿ ಇಲ್ಲ, ಮಳೆ ಇಲ್ಲ, ತಿರುವಿಲ್ಲ ಅಕ್ಕಾ" ಅಂದಳು ಮೆಹರೂ. ಮತ್ತೆ ಕಿಟಕಿಯ ಕಡೆ ತಿರುಗಿಕೊಂಡಳು.

ಕೌಲಾಲಂಪುರದ ಬಸ್ಸು

ಟೂರಿನವರ ಕಣ್ಣು ತಪ್ಪಿಸಿ ನಾವಿಬ್ಬರೂ ಮೊದಲು ಮಾಡಿದ ಕೆಲಸವೆಂದರೆ ಹೋಟೆಲಿನ ಮುಂದೆ ಬಂದ ಸಿಟಿ ಬಸ್ಸು ಹತ್ತಿದ್ದು. ಬೇರೆಯವರು ಗೋಪುರ ನೋಡಲಿ, ನಮಗೆ ಬಸ್ಸು ನೋಡಬೇಕಿತ್ತು. ಒಳಗೆ ತಂಪು, ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಒಬ್ಬರ ಬುಟ್ಟಿ ಇನ್ನೊಬ್ಬರ ಕಾಲ ಮೇಲಿಲ್ಲ, ಕೋಳಿ ಇಲ್ಲ, ಹುಣಸೆಹಣ್ಣಿನ ಮೂಟೆ ಇಲ್ಲ. ಜನ ಕಾರ್ಡನ್ನು ಒಂದು ಪೆಟ್ಟಿಗೆಗೆ ಮುಟ್ಟಿಸಿ ಸುಮ್ಮನೆ ಹೋಗಿ ಕೂರುತ್ತಿದ್ದರು. ನಮ್ಮ ಹತ್ತಿರ ಕಾರ್ಡಿಲ್ಲ. ಡ್ರೈವರು ನಮ್ಮ ಮುಖ ನೋಡಿ, ಕೈಯಲ್ಲೇ ಹೋಗಿ ಎಂದು ಸನ್ನೆ ಮಾಡಿದ. ಟಿಕೆಟ್ ಇಲ್ಲದೆ ಬಸ್ಸಿನಲ್ಲಿ ಕೂತ ಅವಮಾನ ನಮಗಿಬ್ಬರಿಗೂ ಅದೇ ಮೊದಲು. ಚೆಕಿಂಗ್‌ನವರು ಹತ್ತಿದರೆ ಏನು ಗತಿ ಎಂದು ಇಳಿಯುವ ತನಕ ಬಾಗಿಲನ್ನೇ ನೋಡುತ್ತಿದ್ದೆವು.

ಇಡೀ ಬಸ್ಸಿನಲ್ಲಿ ಕಂಡಕ್ಟರೇ ಇರಲಿಲ್ಲ. ಬಾಗಿಲು ತಾನೇ ತೆರೆಯಿತು, ತಾನೇ ಮುಚ್ಚಿತು. ಒಂದು ಮಾತಿಲ್ಲ, ಜಗಳವಿಲ್ಲ. ಸಾವಿನ ಮನೆಯಲ್ಲಿ ಇದಕ್ಕಿಂತ ಹೆಚ್ಚು ಮಾತಿರುತ್ತದೆ.

"ನೋಡಕ್ಕಾ," ಅಂದಳು ಮೆಹರೂ ಮೆಲ್ಲಗೆ, "ನಮ್ಮಂತೋರು ಇಲ್ದೇನೂ ಬಸ್ಸು ಓಡ್ತದೆ. ರೈಟ್ ಅನ್ನೋರೇ ಬೇಕಾಗಿಲ್ಲ. ನಾನು ಸಾಹೇಬ್ರಿಗೆ ಹೂಂ ಅಂದ್ಬುಡ್ತೀನಿ."

ನನಗೆ ಸಿಟ್ಟು ಬಂತು. "ಓಡ್ತದೆ ಕಣಮ್ಮ ಓಡ್ತದೆ. ಇಲ್ಲಿ ಯಾರಿಗಾದ್ರೂ ತಲೆ ಸುತ್ತಿ ಬಂದ್ರೆ ನಿಂಬೆಹಣ್ಣು ಯಾರು ಕೊಡ್ತಾರೆ, ಆ ಪೆಟ್ಗೆ ಕೊಡ್ತದಾ?" ಅಂದೆ. ಮಾತಿನಲ್ಲಿ ಗೆದ್ದರೂ ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ.

ಪಾರ್ಕು

ಮಾರನೇ ದಿನ ಟೂರಿನ ಪುಟ್ಟರಾಜು ನಮ್ಮನ್ನೆಲ್ಲ ಊರಾಚೆಯ ದೊಡ್ಡ ಪಾರ್ಕಿಗೆ ಕರೆದುಕೊಂಡು ಹೋದ. ನೀರಾಟ, ದೆವ್ವದ ಮನೆ, ಗಿರಗಿಟ್ಟಲೆ, ಏನುಂಟು ಏನಿಲ್ಲ. ನಡುವೆ ಒಂದು ಸಿಮೆಂಟಿನ ಬೆಟ್ಟ. ಪುಟ್ಟರಾಜು ಅದನ್ನು ತೋರಿಸಿ, "ಹೆಂಗೈತೆ ನೋಡಿ ಮೇಡಂ, ನಿಜವಾದ ಬಂಡೆ ತರಾನೇ ಐತೆ" ಅಂದ. ಮಧುಗಿರಿಯ ಬುಡದಲ್ಲಿ ದಿನಾ ಬಸ್ಸು ನಿಲ್ಲಿಸುವವಳ ಮುಂದೆ ಆಡುವ ಮಾತೇ ಅದು? ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಮಾಡಿದವನು ಮಧುಗಿರಿ ನೋಡಿರಲಿಲ್ಲ. ನಮ್ಮದು ಹತ್ತಿರ ಹೋದರೂ ನುಣ್ಣಗೇ ಇರುತ್ತದೆ, ಇಡೀ ಬೆಟ್ಟಕ್ಕೆ ಒಂದೇ ಕಲ್ಲು. ಇವರ ಬೆಟ್ಟವನ್ನು ಬೆರಳಿನಿಂದ ತಟ್ಟಿದೆ, ಡಬ್ಬ ಡಬ್ಬ ಅಂದಿತು.

ಆ ಡಬ್ಬ ಬೆಟ್ಟದ ಮೇಲೆ ಓಡುತ್ತಿದ್ದದ್ದೇ ನಾನು ಹೇಳಿದ ಬಸ್ಸು. ನಿಜಕ್ಕೂ ಅದು ಹಳಿಯ ಮೇಲೆ ಏರಿ ಇಳಿದು ಸುತ್ತುವ ರೋಲರ್ ಕೋಸ್ಟರು. ಆದರೆ ಅದಕ್ಕೊಂದು ಕಥೆ ಕಟ್ಟಿದ್ದರು. ಬೆಟ್ಟದ ಊರಿಗೆ ಹೊರಟ ಹಳೇ ಬಸ್ಸೊಂದರ ಬ್ರೇಕ್ ಫೇಲಾಗಿದೆ, ಇಷ್ಟೇ ಕಥೆ. ಹತ್ತುವ ಜಾಗ ಥೇಟ್ ನಮ್ಮ ಹಳ್ಳಿಯ ಬಸ್ ಸ್ಟ್ಯಾಂಡು. ತಗಡಿನ ಸೂರು, ಬಣ್ಣ ಹೋದ ಬೋರ್ಡು, ಬಸ್ಸಿನ ಮೂತಿಯಲ್ಲಿ ವಾರೆಯಾದ ಒಂದು ಲೈಟು, ಮೇಲೆ ಟ್ರಂಕು, ಬುಟ್ಟಿ, ಪ್ಲಾಸ್ಟಿಕ್ ಕೋಳಿ. ಗೋಡೆಯ ಪಕ್ಕ ಬಾಯಿ ತೆರೆದು ನಿದ್ದೆ ಹೊಡೆಯುವ ಡ್ರೈವರ್ ಬೊಂಬೆ. ಬಾಗಿಲಿಗೆ ಜೋತುಬಿದ್ದು, ಕಣ್ಣು ಹೊರಗೆ ಬಂದು, ನಾಲಿಗೆ ಚಾಚಿ ಹೆದರಿದ ಇನ್ನೊಂದು ಬೊಂಬೆ. ಅದರ ಹೆಗಲಿಗೆ ಚರ್ಮದ ಬ್ಯಾಗು.

ಕಂಡಕ್ಟರು!

ಮೈಯೆಲ್ಲ ಉರಿದುಹೋಯಿತು. ಅಲ್ಲೊಬ್ಬಳು ನನ್ನ ವಯಸ್ಸಿನ ಹೆಂಗಸು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಜನರನ್ನು ಕೂರಿಸುತ್ತಿದ್ದಳು. ಎದೆಯ ಮೇಲೆ ರೊಹಾನಾ ಎಂದು ಹೆಸರಿತ್ತು. ಪುಟ್ಟರಾಜುವನ್ನು ಮುಂದೆ ತಳ್ಳಿ, "ಕಂಡಕ್ಟರು ಇಂಗೆ ಹೆದ್ರಲ್ಲ ಅಂತ ಹೇಳಪ್ಪಾ ಅವ್ರಿಗೆ. ನಾವು ಕಂಡಕ್ಟರು ಅಂತಾನೂ ಹೇಳು" ಅಂದೆ. ಅವನು ಏನು ಇಂಗ್ಲಿಷು ಹೇಳಿದನೋ, ರೊಹಾನಾ ನಕ್ಕು, ಮೆಹರೂಳ ತಲೆಯ ದುಪಟ್ಟಾ ನೋಡಿ ಸಲಾಂ ಹೇಳಿದಳು. ಗಾಳಿಗೆ ಹಾರದ ಹಾಗೆ ಕಟ್ಟಿಕೊಳ್ಳಲು ಸನ್ನೆ ಮಾಡಿ, ತನ್ನ ಜೇಬಿನಿಂದ ಪಿನ್ನು ತೆಗೆಯಹೋದಳು. ಅಷ್ಟರಲ್ಲಿ ಮೆಹರೂ ಬಳೆಗೆ ಸಿಕ್ಕಿಸಿಕೊಂಡಿದ್ದ ಸಾಲು ಪಿನ್ನುಗಳಲ್ಲಿ ಎರಡನ್ನು ಬಿಚ್ಚಿ ದುಪಟ್ಟಾಕ್ಕೆ ಚುಚ್ಚಿಯಾಗಿತ್ತು. ಬಳೆಯಲ್ಲಿ ಪಿನ್ನಿನ ಅಂಗಡಿ ಇಟ್ಟುಕೊಳ್ಳುವ ನಮ್ಮ ಹೆಂಗಸರ ಜಾಣತನ ಕಂಡು ರೊಹಾನಾ ಹುಬ್ಬೇರಿಸಿದಳು.

ಹತ್ತುವ ಜಾಗ

ಆಮೇಲೆ ನಡೆದದ್ದನ್ನು ಕೇಳಿದರೆ ನಮ್ಮ ಡಿಪೋದವರು ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನಮ್ಮ ಸರದಿ ಬಂತು. ಗೇಟು ತೆರೆಯಿತು. ನಾನು ಬಾಗಿಲ ಪಕ್ಕಕ್ಕೆ ಸರಿದು ನಿಂತು, "ಹತ್ತಿ ಹತ್ತಿ, ಮುಂದಕ್ ಓಗಿ, ಮುಂದೆ ಜಾಗ ಐತೆ" ಎಂದು ಕೈ ಬೀಸಿದೆ. ಬೇಕೆಂದು ಮಾಡಿದ್ದಲ್ಲ, ಕೈಯೇ ಎದ್ದಿತು. ಆಚೆ ಪಕ್ಕದಲ್ಲಿ ಮೆಹರೂ ಒಬ್ಬಳು ಚೀನೀ ಅಜ್ಜಿಯ ಮೊಣಕೈ ಹಿಡಿದು ಕೂರಿಸಿ, ಅವಳ ತೊಡೆಗೆ ಅಡ್ಡ ಬರುವ ಕಂಬಿ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡುತ್ತಿದ್ದಳು. ಜನ ಹೇಳಿದಂತೆ ಕೇಳಿದರು. ಭಾಷೆ ಬರದಿದ್ದರೂ ಕಂಡಕ್ಟರ ದನಿ ಎಲ್ಲರಿಗೂ ಅರ್ಥವಾಗುತ್ತದೆ ಎಂದು ಅವತ್ತು ತಿಳಿಯಿತು. ಗಾಡಿ ತುಂಬಿತು. ಹೊರಟೇ ಹೋಯಿತು. ನಾವಿಬ್ಬರೂ ಕೆಳಗೆ ನಿಂತಿದ್ದೆವು.

ರೊಹಾನಾ ನಮ್ಮನ್ನು ನೋಡಿದಳು. ನಾವು ಅವಳನ್ನು ನೋಡಿದೆವು. ಮುಂದಿನ ಗಾಡಿಗೂ ಇದೇ ಕಥೆ. ಮೂರನೆಯದಕ್ಕೆ ಒಬ್ಬ ಅರಬ್ಬೀ ಯಜಮಾನ ತನ್ನ ಪಾಸನ್ನು ನನಗೇ ತೋರಿಸಿ ಒಳಗೆ ಹೋದ. ನಾನೂ ಗಂಭೀರವಾಗಿ ನೋಡಿ ತಲೆಯಾಡಿಸಿದೆ. ರೊಹಾನಾಗೆ ನಗು ತಡೆಯಲಾಗಲಿಲ್ಲ. ಅಷ್ಟು ಬೇಗ ಗಾಡಿ ತುಂಬಿದ್ದನ್ನು ತಾನು ಕಂಡಿಲ್ಲ, ಇಲ್ಲೇ ಕೆಲಸಕ್ಕೆ ಸೇರಿಬಿಡಿ ಎಂದು ಅವಳು ಹೇಳುತ್ತಿರುವುದಾಗಿ ಪುಟ್ಟರಾಜು ಆಚೆಯಿಂದ ಕೂಗಿದ. ಪರದೇಶದಲ್ಲಿ ಕೂತುಣ್ಣದೆ ಕೆಲಸದಲ್ಲೂ ಸೈ ಅನ್ನಿಸಿಕೊಂಡೆವಲ್ಲ ಎಂದು ನಾನು ಬೀಗಿದೆ.

ಬೀಗುತ್ತಾ ಮೆಹರೂಳ ಕಡೆ ನೋಡಿದವಳಿಗೆ ನಗು ನಿಂತಿತು. ನಾನು ಕೆಳಗೆ ಉಳಿದದ್ದು ಅಭ್ಯಾಸಬಲದಿಂದ. ಅವಳು ಉಳಿದದ್ದು ಹೆದರಿಕೆಯಿಂದ. ಪ್ರತಿ ಸಲ ಗಾಡಿ ಅಲುಗಿದಾಗ ಅವಳು ಕಂಬ ಹಿಡಿದುಕೊಂಡು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಹತ್ತಿಸುವುದೆಲ್ಲ ಸರಾಗವಾಗಿ ಬರುತ್ತಿತ್ತು, ಹೊರಡುವುದನ್ನು ನೋಡಲು ಆಗುತ್ತಿರಲಿಲ್ಲ.

"ಲೇ ಮೆಹರೂ, ಹತ್ತಮ್ಮ."

"ನೀ ಓಗ್ ಬಾ ಅಕ್ಕಾ. ನಾನಿಲ್ಲೇ ನಿಂತ್ಕಂಡು ನೋಡ್ತೀನಿ."

"ನೋಡ್ತೀಯಾ? ಮೂರು ಗಾಡಿ ಓಯ್ತು, ಒಂದಾದ್ರೂ ನೋಡ್ದಾ ನೀನು?"

ಅವಳ ಕಣ್ಣು ತುಂಬಿತು. ನನಗೆ ಪಾಪ ಅನ್ನಿಸಿತು, ಆದರೂ ಹಟ ಬಿಡಲಿಲ್ಲ. ಕಡೆಗೆ ಅವಳು ಬಂದದ್ದು ನನ್ನ ಮಾತಿಗಲ್ಲ. ಮುಂದಿನ ಗಾಡಿಯ ಕೊನೇ ಸಾಲಿನಲ್ಲಿ ನಾನೊಬ್ಬಳೇ ಕೂತು, ಕಂಬಿ ಎಳೆದುಕೊಳ್ಳಲು ಬಾರದೆ ಒದ್ದಾಡುತ್ತಿದ್ದೆ. "ತಿರುಗ್ಸಿ ಎಳೀಬಾರ್ದು ಅಕ್ಕಾ, ನೆಟ್ಟಗೆ ಎಳಿ" ಎನ್ನುತ್ತಾ ಅವಳು ಪಕ್ಕದಲ್ಲಿ ಕೂತು ಎಳೆದಳು. ಎರಡು ಸೀಟಿಗೂ ಸೇರಿ ಒಂದೇ ಕಂಬಿ. ಟಕ್ ಎಂದು ಇಬ್ಬರ ಮೇಲೂ ಬಿತ್ತು. ಮೆಹರೂ ಸಿಕ್ಕಿಕೊಂಡಳು.

ರೈಟ್

ಗಾಡಿ ಹೊರಡಿಸುವ ಗುಂಡಿ ರೊಹಾನಾಳ ಕೈಯಲ್ಲಿತ್ತು. ಅವಳ ಜೊತೆಯವನು ಹಿಂದಿನಿಂದ ಮುಂದಿನವರೆಗೆ ಎಲ್ಲ ಕಂಬಿ ಮುಟ್ಟಿ ನೋಡಿ ಹೆಬ್ಬೆರಳು ಎತ್ತಿದ. ರೊಹಾನಾ ಒತ್ತಲಿಲ್ಲ. ನಮ್ಮ ಸಾಲಿನ ಕಡೆ ತಿರುಗಿ, ಮೆಹರೂಳನ್ನೇ ನೋಡುತ್ತಾ, ತನ್ನ ಹೆಬ್ಬೆರಳು ಎತ್ತಿ ಹುಬ್ಬು ಹಾರಿಸಿದಳು. ನೀನು ಹೇಳಮ್ಮ, ಹೊರಡಿಸಲಾ ಎಂದು. ಅವಳಿಗದು ತಮಾಷೆ. ಮೂರು ಗಾಡಿಗೆ ಪುಕ್ಕಟೆ ದುಡಿದವಳಿಗೆ ಒಂದು ಮರ್ಯಾದೆ.

ಮೆಹರೂ ಬೆವತಳು. ಮುಂದೆ ಕೂತವರೆಲ್ಲ ಯಾಕೆ ತಡ ಎಂದು ತಿರುಗಿ ನೋಡತೊಡಗಿದರು. ನಾನೇ ರೈಟ್ ಅಂದುಬಿಡೋಣ ಅನ್ನಿಸಿತು, ನಾಲಿಗೆ ತುದಿಗೆ ಬಂದಿತ್ತು. ಆದರೆ ಒಂದು ಬಸ್ಸಿಗೆ ಒಬ್ಬಳೇ ಕಂಡಕ್ಟರು. ಅವಳ ಬಸ್ಸಿಗೆ ನಾನು ರೈಟ್ ಹೇಳುವಂತಿಲ್ಲ. ಹಲ್ಲು ಕಚ್ಚಿಕೊಂಡು ಕೂತೆ.

ಅವಳ ಕತ್ತು ನಿಧಾನವಾಗಿ ಎದ್ದಿತು. ಮುಂದಿನ ಸಾಲಿನಿಂದ ಶುರುಮಾಡಿ ಒಂದೊಂದೇ ತಲೆ ನೋಡುತ್ತಾ ಬಂದಳು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ಕೊನೆಗೆ ನನ್ನ ತಲೆಯನ್ನೂ ಎಣಿಸಿದಳು. ಆಮೇಲೆ ಬಲಗೈ ಹೊರಕ್ಕೆ ಚಾಚಿ ಗಾಡಿಯ ತಗಡಿಗೆ ಎರಡೇಟು ಬಡಿದಳು.

"ರೈ... ಟ್."

ಸಿಮೆಂಟಿನ ಬೆಟ್ಟ ಅದನ್ನು ವಾಪಸ್ ಕಳಿಸಲಿಲ್ಲ, ಅದರ ಯೋಗ್ಯತೆ ಅಷ್ಟೇ. ಆದರೆ ಗಾಡಿ ಹೊರಟಿತು.

ಇನ್ನು ನನ್ನ ಮಾನ ಹೋದ ಕಥೆ. ಕಂಡಕ್ಟರು ಹೆದರಲ್ಲ ಎಂದು ಜಗಳಕ್ಕೆ ನಿಂತವಳು ನಾನು. ಗಾಡಿ ಕಟಕಟ ಎನ್ನುತ್ತಾ ನೆಟ್ಟಗೆ ಮೇಲೇರುವಾಗಲೇ ಬೀರಪ್ಪನಿಗೆ ಹರಕೆ ಹೊತ್ತೆ. ತುದಿಯಲ್ಲಿ ಒಂದು ಗಳಿಗೆ ನಿಂತಾಗ ಹರಕೆ ಇನ್ನಷ್ಟು ದೊಡ್ಡದು ಮಾಡಿದೆ. ಆಮೇಲೆ ಕೆಳಕ್ಕೆ ಬಿತ್ತು. ಓಡಲಿಲ್ಲ, ಇಳಿಯಲಿಲ್ಲ, ಬಿತ್ತು. ಹೊಟ್ಟೆ ಮೇಲೇ ಉಳಿಯಿತು. ಆ ಬಾಗಿಲಿನ ಬೊಂಬೆಯ ಮುಖವೂ ನನ್ನದೂ ಆಗ ಒಂದೇ ಇದ್ದಿರಬೇಕು. ಕಣ್ಣು ಮುಚ್ಚಿಕೊಂಡೆ.

ಕಣ್ಣು ಮುಚ್ಚಿದ್ದರಿಂದ ಕಿವಿ ಚೆನ್ನಾಗಿ ಕೇಳಿತು. ಪಕ್ಕದಲ್ಲಿ ಮೆಹರೂ ಕೂಗುತ್ತಿದ್ದಳು. ಹೆದರಿಕೆಯ ಕೂಗಲ್ಲ ಅದು.

"ತಿರುವೈತೆ, ಹಿಡ್ಕಳ್ರಪ್ಪಾ! ಹಂಪೈತೆ, ಹಂಪು! ಅಮ್ಮಾ ಕೆಂಪು ಟೋಪಿ, ಕೈ ಒಳಕ್ ಹಾಕಮ್ಮ!"

ಕೆಂಪು ಟೋಪಿಯ ಹೆಂಗಸಿಗೆ ಕನ್ನಡ ಯಾರು ಕಲಿಸಿದ್ದರೋ, ಕೈ ಒಳಗೆ ಎಳೆದುಕೊಂಡಳಂತೆ. ಪ್ರತಿ ತಿರುವಿಗೂ ಮೆಹರೂ ಮುಂಚೆಯೇ ಕೂಗಿ ಹೇಳಿದಳು. ಕೊರಟಗೆರೆ ರಸ್ತೆಯಲ್ಲಿ ಮಳೆ ಬಂದ ದಿನ ಹೇಗೆ ಹೇಳುತ್ತಿದ್ದಳೋ ಹಾಗೇ. ಅಷ್ಟು ಹೊತ್ತಿನಲ್ಲಿ ನನಗೆ ಆದ ಸಂತೋಷವನ್ನು ಹೇಳಬೇಕೆಂದರೆ ನನ್ನ ಹೊಟ್ಟೆ ಜಾಗದಲ್ಲಿ ಇರಬೇಕಿತ್ತು, ಇರಲಿಲ್ಲ.

ಇಳಿಯುವ ಜಾಗ

ಗಾಡಿ ಗಕ್ ಎಂದು ನಿಂತಿತು. "ಬ್ರೇಕು ಐತೆ ಕಣಕ್ಕ, ಸುಳ್ಳು ಹೇಳವ್ರೆ" ಅಂದಳು ಮೆಹರೂ. ಜನ ಇಳಿದರು. ಅವಳು ಮಾತ್ರ ಪ್ರತಿ ಸೀಟನ್ನೂ ಬಗ್ಗಿ ನೋಡಿಕೊಂಡು ಬಂದು, ಯಾರೋ ಬಿಟ್ಟಿದ್ದ ಕನ್ನಡಕವೊಂದನ್ನು ರೊಹಾನಾಳ ಕೈಗೆ ಕೊಟ್ಟಳು. ಆಮೇಲೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಅಳಲು ಶುರುಮಾಡಿದಳು.

"ಏನಾಯ್ತೇ? ಸುತ್ತು ಬಂತಾ?"

"ಅಜ್ಜಿ ಕೂತಿದ್ರು ಅಕ್ಕಾ."

"ಯಾವಜ್ಜಿ, ಆ ಚೀನೀ ಅಜ್ಜಿನಾ?"

"ಬರಗೂರಜ್ಜಿ. ಅವತ್ತೂ ನಾನು ಇಂಗೇ ಮುಂದ್ಲಿಂದ ಒಂದೊಂದೇ ತಲೆ ನೋಡ್ಕಂಡ್ ಬಂದೆ. ಈಗ ಎಣಿಸ್ತಾ ಎಣಿಸ್ತಾ ಎಲ್ಲಾ ಕಣ್ಮುಂದೆ ಬಂತು. ಅಜ್ಜಿ ಎಲೆ ಅಡಿಕೆ ಚೀಲ ತೊಡೆ ಮೇಲಿಟ್ಕಂಡು, ಕಿಟಕಿ ಕಂಬಿ ಹಿಡ್ಕಂಡು ಕೂತಿದ್ರು. ನೋಡ್ಬುಟ್ಟೇ ನಾನು ರೈಟ್ ಅಂದಿದ್ದು. ಅಲ್ಲಾ ಕಸಂ ಅಕ್ಕಾ, ನೋಡಿದ್ದೆ."

ಸಾಹೇಬರು, ಡ್ರೈವರು, ಕೊನೆಗೆ ಅಜ್ಜಿ ಕೂಡ ಹೇಳಿ ನಂಬಿಸಲಾಗದ್ದನ್ನು ಅವಳ ಕತ್ತೇ ತಿರುಗಿ ಅವಳಿಗೆ ನೆನಪು ಮಾಡಿಕೊಟ್ಟಿತ್ತು. ನಾನೂ ಅತ್ತೆ. ರೊಹಾನಾ ಓಡಿ ಬಂದು, ನಾವಿಬ್ಬರೂ ಹೆದರಿ ಅಳುತ್ತಿದ್ದೇವೆಂದುಕೊಂಡು ನೀರು ಕೊಟ್ಟಳು. ನನ್ನ ಮಟ್ಟಿಗೆ ಅದು ಅರ್ಧ ನಿಜವಾದ್ದರಿಂದ ಸುಮ್ಮನೆ ಕುಡಿದೆ.

ಹೊರಗೆ ಬರುವ ದಾರಿಯಲ್ಲಿ ಗಾಡಿ ಬೀಳುವಾಗ ತೆಗೆದ ಫೋಟೊ ಮಾರುತ್ತಾರೆ. ಎಲ್ಲರೂ ಬಾಯಿ ತೆರೆದಿದ್ದಾರೆ, ಕೂದಲು ಹಾರಿದೆ. ಕೊನೇ ಸಾಲಿನಲ್ಲಿ ನಾನು ಕಣ್ಣು ಮುಚ್ಚಿ ಮುದುರಿದ್ದೇನೆ. ಪಕ್ಕದಲ್ಲಿ ಮೆಹರುನ್ನೀಸಾ ನೆಟ್ಟಗೆ ಕೂತು ಕತ್ತು ಉದ್ದ ಮಾಡಿ ಮುಂದಿನವರನ್ನು ನೋಡುತ್ತಿದ್ದಾಳೆ. ಆ ಫೋಟೊ ಈಗ ಡಿಪೋದಲ್ಲಿ ಮಿಷನ್ ಕೌಂಟರಿನ ಮೇಲ್ಗಡೆ ಅಂಟಿಸಿದ್ದಾರೆ. ನನ್ನ ಮುಖದ ಮೇಲೆ ಯಾರೋ ಪೆನ್ನಿನಲ್ಲಿ ಮೀಸೆ ಬರೆದಿದ್ದಾರೆ. ಬರೆದವರು ಯಾರೆಂದು ನನಗೆ ಗೊತ್ತು, ಸಿರಾದವಳೇ.

ಮಧುಗಿರಿ ಬಸ್ ಸ್ಟ್ಯಾಂಡು

ಅವಳು ಸಾಹೇಬರಿಗೆ ಉಹೂಂ ಅಂದಳು. ಆದರೂ ಅಲ್ಲಿ ಡಬ್ಬ ಬೆಟ್ಟ, ಇಲ್ಲಿ ನಿಜವಾದ ರಸ್ತೆ, ನಿಜವಾದ ಜನ. ಅವಳು ಮತ್ತೆ ಬ್ಯಾಗು ಹಾಕಿಕೊಂಡ ಮೊದಲ ದಿನ ನನ್ನ ಬಸ್ಸು ತುಮಕೂರಿನ ಕಡೆ ಮುಖ ಮಾಡಿತ್ತು, ಅವಳದ್ದು ಪಾವಗಡದ ಕಡೆ. ಎರಡೂ ಅಕ್ಕಪಕ್ಕದಲ್ಲೇ ನಿಂತಿದ್ದವು. ಅವತ್ತು ಮೋಡ ಮುಸುಕಿ ಸಣ್ಣಗೆ ಹನಿಯುತ್ತಿತ್ತು. ಬೆಟ್ಟ ನೆಂದು ಕರ್ರಗೆ ಹೊಳೆಯುತ್ತಿತ್ತು.

ಅವಳ ಬಸ್ಸು ತುಂಬಿತು. ಡ್ರೈವರಣ್ಣ ಎಂಜಿನ್ ಚಾಲೂ ಮಾಡಿ ಕಾಯುತ್ತಿದ್ದ. ಒಳಗಿಂದ ಯಾರೋ, "ಏಂದಮ್ಮಾ, ಪೋನಿ ಪೋನಿ" ಎಂದು ತೆಲುಗಿನಲ್ಲಿ ಅವಸರ ಮಾಡಿದರು. ಅವಳು ಅವಸರ ಮಾಡಲಿಲ್ಲ. ಮೆಟ್ಟಿಲ ಮೇಲೆ ನಿಂತು, ಮುಂದಿನ ಸೀಟಿನಿಂದ ಹಿಂದಿನವರೆಗೂ ಒಂದೊಂದೇ ತಲೆ ನೋಡಿದಳು. ಒಬ್ಬ ಮುದುಕಿಯನ್ನು ಕಿಟಕಿಯ ಪಕ್ಕ ಸರಿಸಿ ಕೂರಿಸಿದಳು. ಅವಳು ಕೈ ಹೊರಗೆ ಹಾಕಿ ಬಸ್ಸಿನ ಮೈಗೆ ಎರಡೇಟು ಬಡಿದು, "ರೈಟ್" ಅಂದಳು.

ಆ ಸದ್ದು ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಡ್ರೈವರುಗಳು ಹೇಳುತ್ತಿದ್ದದ್ದು ತಮಾಷೆಯಲ್ಲ, ನಾನೇ ಕಿವಿಯಾರೆ ಕೇಳಿದೆ.

"ಏನಮ್ಮಾ, ನಮ್ ಬಸ್ಸು ಹೊರಡಲ್ವಾ?" ಎಂದು ನನ್ನ ಹಿಂದಿನಿಂದ ಒಬ್ಬರು ಕೇಳಿದರು. ನನ್ನ ಬಸ್ಸಿಗೆ ರೈಟ್ ಹೇಳುವುದನ್ನೇ ಮರೆತು ನಿಂತಿದ್ದೆ.

"ಸ್ವಲ್ಪ ತಡೀರಿ," ಅಂದೆ, "ಆ ಬಸ್ಸು ಮೊದ್ಲು ಓಗ್ಲಿ."